ಮದುವೆಯ ಪೂಜೆಗೆ ಯಾವ ಹಾಡು?



ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಛತ್ರದ ಮಾತು ಬರುತ್ತದೆ. ಆಮೇಲೆ ಊಟ, ಸೀರೆ, ಒಡವೆ, ಫೋಟೋದವರು. ಪೂಜೆಯ ಹಾಡುಗಳ ಮಾತು ಬರುವುದು ಕಟ್ಟಕಡೆಗೆ, ಅದೂ ಮದುವೆಗೆ ನಾಲ್ಕು ದಿನ ಉಳಿದಿರುವಾಗ. "ಹಾಡಿಗೇನು, ಗಾನವೃಂದದವರು ಏನಾದರೂ ಹಾಡುತ್ತಾರೆ" ಎನ್ನುವವರು ಕೆಲವರು. "ಆ ಚಿಂತೆ ನಿಮಗೆ ಬೇಡ, ಸ್ನೇಹಿತರು ಬ್ಯಾಂಡ್ ಗೊತ್ತುಮಾಡಿದ್ದಾರೆ" ಎನ್ನುವವರು ಇನ್ನು ಕೆಲವರು. ಎರಡು ಮಾತಿನ ಹಿಂದೆಯೂ ಒಂದೇ ತಪ್ಪು ಎಣಿಕೆಯಿದೆ. ಹಾಡೆಂದರೆ ಚಪ್ಪರಕ್ಕೆ ಕಟ್ಟುವ ಹೂವಿನ ಸರದಂತೆ ಪೂಜೆಗೆ ಹೊರಗಿನಿಂದ ಕಟ್ಟುವ ಅಲಂಕಾರ ಎಂದು ಇಬ್ಬರೂ ತಿಳಿದಿದ್ದಾರೆ.

ಧರ್ಮಸಭೆ ಹಾಗೆ ತಿಳಿದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಪವಿತ್ರ ಆರಾಧನಾ ವಿಧಿಯ ಸಂವಿಧಾನದಲ್ಲಿ ಸಂಗೀತಕ್ಕೆಂದೇ ಒಂದು ಅಧ್ಯಾಯವಿದೆ. ಪವಿತ್ರ ವಚನಗಳೊಂದಿಗೆ ಕೂಡಿದ ಗಾನವು ಆರಾಧನೆಯ ಒಂದು ಅಂಗವೇ ಹೊರತು ಮೇಲಿನ ಹೊದಿಕೆಯಲ್ಲ ಎಂಬುದು ಅದರ ಬೋಧನೆ. ಹಾಗಿರುವಾಗ ಮದುವೆಯ ಹಾಡನ್ನು ಆರಿಸುವುದೆಂದರೆ ಮದುವೆಯ ದಿನ ನಾವು ದೇವರಿಗೆ ಏನು ಹೇಳಬೇಕೆಂದು ಆರಿಸುವುದು. ಈ ವಾರ ಅದನ್ನೇ ಕುರಿತು ಸ್ವಲ್ಪ ಯೋಚಿಸೋಣ.

ಒಂದು ಮನೆಯ ಮಾತು

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಮಾಡುವ ಇಬ್ಬರು ಯುವಜನರು ಮದುವೆಯಾಗಲು ನಿಶ್ಚಯಿಸಿದರು. ವರ ಕನಕಪುರದ ಕಡೆಯ ಹಳ್ಳಿಯವನು, ಮನೆಮಾತು ಕನ್ನಡ. ವಧು ಉಡುಪಿಯ ಕಡೆಯವಳು, ಮನೆಮಾತು ಕೊಂಕಣಿ. ಇಬ್ಬರೂ ಇಲ್ಲಿನ ಧರ್ಮಕೇಂದ್ರದವರೇ ಆಗಿದ್ದುದರಿಂದ ಪೂಜೆ ಇಲ್ಲಿಯೇ ಎಂದಾಯಿತು. ಅಲ್ಲಿಯವರೆಗೆ ಎಲ್ಲವೂ ಸರಾಗ. ಹಾಡಿನ ಮಾತು ಬಂದಾಗ ಗಂಟು ಬಿತ್ತು.

ವಧುವಿನ ಗೆಳತಿಯರಿಗೆ ಸಿನಿಮಾಗಳಲ್ಲಿ ಕೇಳಿದ ಇಂಗ್ಲಿಷ್ ಮದುವೆಯ ರಾಗ ಬೇಕು. ಆಕೆಯ ತಾಯಿಗೆ ಕೊಂಕಣಿ ಹಾಡುಗಳು ಇರಲೇಬೇಕು. ವರನ ತಂದೆ, "ಕನ್ನಡದ ಒಂದು ಹಾಡೂ ಇಲ್ಲವೆಂದರೆ ಊರಿನಿಂದ ಜನರನ್ನು ಯಾವ ಮುಖ ಇಟ್ಟುಕೊಂಡು ಕರೆತರಲಿ?" ಎಂದು ಕೇಳಿದರು. ಆ ಮಾತಿನಲ್ಲಿ ಹಾಡಿಗಿಂತ ದೊಡ್ಡ ನೋವಿತ್ತು. ಮಗ ನಗರಕ್ಕೆ ಹೋದ, ಇನ್ನು ಅವನ ಮದುವೆಯಲ್ಲಿಯೂ ನಾವು ಹೊರಗಿನವರಾದೆವು ಎಂಬ ನೋವು ಅದು. ವಧುವಿನ ತಾಯಿಯ ಮನಸ್ಸಿನಲ್ಲಿ ಇದ್ದದ್ದೂ ಅಂಥದ್ದೇ. ಮಗಳು ಬೇರೆ ಭಾಷೆಯ ಮನೆಗೆ ಹೋಗುತ್ತಾಳೆ, ಕಡೆಯದಾಗಿ ನಮ್ಮ ಭಾಷೆಯಲ್ಲಿ ಒಂದು ಹಾಡಾದರೂ ಬೇಡವೇ ಎಂದು.

ಎರಡು ಮನೆಯವರೂ ಗುರುಗಳ ಬಳಿಗೆ ಬಂದರು. ಯಾವ ಹಾಡು ಚೆನ್ನಾಗಿದೆ ಎಂದು ಅವರು ತೀರ್ಪು ಕೊಡಲಿಲ್ಲ. "ಇವುಗಳನ್ನು ಹಾಡುವವರು ಯಾರು?" ಎಂದು ಕೇಳಿದರು. ಬ್ಯಾಂಡಿನವರು ಎಂದಳು ವಧು. "ಸರಿ, ಆಗ ಉಳಿದವರು ಏನು ಮಾಡುತ್ತಾರೆ?" ಎಂದರು ಗುರುಗಳು. ಯಾರೂ ಉತ್ತರಿಸಲಿಲ್ಲ. ವರನ ಅಜ್ಜಿ ಮಾತ್ರ ಮೂಲೆಯಲ್ಲಿ ಕುಳಿತವರು, "ನಾವು ಕೇಳಿಕೊಂಡು ಕೂತಿರ್ತೀವಿ ಸ್ವಾಮಿ" ಎಂದರು.

ಆ ಮಾತು ನಮಗೆಲ್ಲ ಒಂದು ಪಾಠ. ಪೂಜೆಗೆ ಬಂದವರು ಕೇಳಿಕೊಂಡು ಕೂರಲು ಬಂದವರಲ್ಲ. ಮದುವೆಯ ಪೂಜೆಯೂ ಪೂಜೆಯೇ. ಬಂದವರೆಲ್ಲರೂ ಅಲ್ಲಿ ಪ್ರಾರ್ಥಿಸುವ ದೇವಜನರು.

ಎಲ್ಲ ಕಡೆಯವರೂ ಕೂಡಿದ ಊರು

ಇಂಥ ಗಂಟು ನಮ್ಮ ಭಾಗದಲ್ಲಿ ಏಕೆ ಮತ್ತೆ ಮತ್ತೆ ಬೀಳುತ್ತದೆ ಎಂಬುದನ್ನು ಅರಿಯುವುದು ಕಷ್ಟವಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ ಇದು ರಾಗಿ ಬೆಳೆಯುವ ಬಯಲು. ಕಾರ್ಖಾನೆಗಳು ಬಂದವು, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು ಬಂದವು. ಅವುಗಳ ಹಿಂದೆಯೇ ಮಂಗಳೂರು, ಕೇರಳ, ತಮಿಳುನಾಡು, ಆಂಧ್ರ, ಗೋವಾ, ಜಾರ್ಖಂಡ್‌ಗಳಿಂದ ಕಥೋಲಿಕ ಕುಟುಂಬಗಳು ಬಂದವು. ವಿಧಿಯೂ ಒಂದೇ ಅಲ್ಲ. 2010ರಲ್ಲಿ ಸ್ಥಾಪಿತವಾದ ಮಂಡ್ಯದ ಸೀರೋ ಮಲಬಾರ್ ಧರ್ಮಕ್ಷೇತ್ರದ ವ್ಯಾಪ್ತಿಗೆ 2015ರಿಂದ ಬೆಂಗಳೂರೂ ಸೇರಿದೆ. ಒಂದೇ ಅಪಾರ್ಟ್‌ಮೆಂಟಿನ ಮೂರು ಮಹಡಿಗಳಲ್ಲಿ ಮೂರು ಭಾಷೆಯ ಜಪಸರ ಕೇಳಿಸುತ್ತದೆ. ಇಂಥಲ್ಲಿ ನಡೆಯುವ ಮದುವೆಗೆ ನಮ್ಮ ಸಂಪ್ರದಾಯದ ಹಾಡು ಬೇಕು ಎಂದರೆ ಯಾರ ಸಂಪ್ರದಾಯ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಸಂಪ್ರದಾಯವೆಂದು ನಾವು ತಿಳಿದದ್ದು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳೋಣ. ವಧು ಗುಡಿಯೊಳಗೆ ಬರುವಾಗ ಕೀಬೋರ್ಡಿನಲ್ಲಿ ನುಡಿಸುವ ಆ ಪ್ರಸಿದ್ಧ ರಾಗ ಚರ್ಚಿನ ಹಳೆಯ ಸಂಪ್ರದಾಯವೆಂದು ಬಹಳ ಮಂದಿ ನಂಬಿದ್ದಾರೆ. ಅದು ಜರ್ಮನಿಯ ರಿಚರ್ಡ್ ವಾಗ್ನರ್ ಬರೆದ 'ಲೋಹೆನ್‌ಗ್ರಿನ್' ಎಂಬ ಸಂಗೀತ ನಾಟಕದ್ದು. ನಾಟಕ ಮೊದಲು ರಂಗಕ್ಕೆ ಬಂದದ್ದು 1850ರಲ್ಲಿ. ಅದರಲ್ಲಿ ಈ ಹಾಡು ಬರುವುದು ಮದುವೆಯ ವಿಧಿಯಲ್ಲೂ ಅಲ್ಲ. ಮದುವೆ ಮುಗಿದ ಮೇಲೆ ದಂಪತಿಯನ್ನು ಶಯನಗೃಹಕ್ಕೆ ಕರೆದೊಯ್ಯುವಾಗ. ಅದೇ ರಾತ್ರಿ ಆ ದಂಪತಿಯ ನಡುವೆ ನಂಬಿಕೆ ಮುರಿದು ಅವರು ಅಗಲುತ್ತಾರೆ! ಪೂಜೆ ಮುಗಿದು ಹೊರಬರುವಾಗ ನುಡಿಸುವ ಇನ್ನೊಂದು ರಾಗ ಫೆಲಿಕ್ಸ್ ಮೆಂಡೆಲ್‌ಸನ್ ಅವರದು. ಶೇಕ್ಸ್‌ಪಿಯರನ ಒಂದು ಹಾಸ್ಯ ನಾಟಕಕ್ಕಾಗಿ ಅದನ್ನು ಅವರು 1842ರಲ್ಲಿ ರಚಿಸಿದರು. 1858ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಹಿರಿಯ ಮಗಳ ಮದುವೆಯಲ್ಲಿ ಈ ಎರಡೂ ರಾಗಗಳನ್ನು ನುಡಿಸಿದ ಮೇಲೆ ಅವು ಫ್ಯಾಷನ್ ಆದವು. ಬ್ರಿಟಿಷರ ಕಾಲದಲ್ಲಿ ನಮ್ಮ ಕಂಟೋನ್ಮೆಂಟಿಗೂ ಈ ರೂಢಿ ಬಂತು.

ಈ ರಾಗಗಳು ಕೆಟ್ಟವು ಎಂದು ಹೇಳುತ್ತಿಲ್ಲ. ಅವು ಇಂಪಾದ ರಾಗಗಳೇ. ಆದರೆ ಅವು ರಂಗಭೂಮಿಯಿಂದ ಬಂದವು, ಪ್ರಾರ್ಥನೆಯಿಂದ ಬಂದವಲ್ಲ. ಅಂಥದ್ದನ್ನು ಸಂಪ್ರದಾಯವೆಂದು ಹಿಡಿದುಕೊಂಡು, ನಿಜವಾದ ಸಂಪ್ರದಾಯವನ್ನು ಬಾಗಿಲ ಹೊರಗೆ ನಿಲ್ಲಿಸಬಾರದು ಎಂಬುದಷ್ಟೇ ಮಾತು.

ವಧುವೊಬ್ಬಳೇ ತಂದೆಯ ಕೈಹಿಡಿದು ನಡೆದುಬರುವುದು, ಎಲ್ಲರೂ ಎದ್ದು ಅವಳನ್ನು ನೋಡುವುದು, ಇದೂ ಹೊರಗಿನಿಂದ ಬಂದ ರೂಢಿ. ಧರ್ಮಸಭೆಯ ವಿವಾಹ ವಿಧಿಯ ಪುಸ್ತಕ 1969ರಲ್ಲಿ ಹೊರಬಂತು. 1990ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಅದರಂತೆ ಗುರುಗಳು ಬಾಗಿಲಿಗೆ ಬಂದು ವಧೂವರರಿಬ್ಬರನ್ನೂ ಸ್ವಾಗತಿಸಬಹುದು. ಆಮೇಲೆ ಗುರುಗಳ ಹಿಂದೆ ವಧೂವರರು ಜೊತೆಯಾಗಿ ಬಲಿಪೀಠದ ಕಡೆಗೆ ನಡೆಯುತ್ತಾರೆ. ಎರಡೂ ಕಡೆಯ ತಂದೆತಾಯಿಗಳೂ ಸಾಕ್ಷಿಗಳೂ ಅವರ ಸಂಗಡ ಬರಬಹುದು. ಈ ಸಂಸ್ಕಾರವನ್ನು ಪರಸ್ಪರ ಕೊಟ್ಟುಕೊಳ್ಳುವವರು ಅವರಿಬ್ಬರೂ ಅಲ್ಲವೇ? ಹಾಗಿದ್ದರೆ ಪ್ರವೇಶದ ಹಾಡು ವಧುವನ್ನು ಮೆರೆಸುವ ಹಾಡಾಗದೆ ಎಲ್ಲರನ್ನೂ ಬಲಿಪೀಠದ ಕಡೆಗೆ ಕರೆಯುವ ಹಾಡಾಗಬೇಕು.

ಧರ್ಮಸಭೆಯ ಭಂಡಾರ

ಹಾಗಾದರೆ ನಿಜವಾದ ಸಂಪ್ರದಾಯ ಯಾವುದು? ಧರ್ಮಸಭೆಯ ಭಂಡಾರದಲ್ಲಿ ಮೊದಲಿನವು ಕೀರ್ತನೆಗಳು. ಯೇಸುಸ್ವಾಮಿಯೂ ಮಾತೆ ಮರಿಯಮ್ಮನವರೂ ಹಾಡಿದ ಹಾಡುಗಳು ಅವು. ಮದುವೆಯ ಪೂಜೆಗೆಂದು ಧರ್ಮಸಭೆ ಗೊತ್ತುಮಾಡಿರುವ ಕೀರ್ತನೆಗಳಲ್ಲಿ 33, 34, 103, 112, 128, 145 ಮತ್ತು 148 ಸೇರಿವೆ. ಅವುಗಳಲ್ಲಿ 128ನೆಯದನ್ನು ಇಂದು ರಾತ್ರಿ ಮನೆಯಲ್ಲಿ ಒಮ್ಮೆ ಓದಿ ನೋಡಿ. ದುಡಿದ ಕೈಗೆ ಫಲ, ಮನೆಯಲ್ಲಿ ಹಬ್ಬಿದ ದ್ರಾಕ್ಷಿಬಳ್ಳಿಯಂಥ ಹೆಂಡತಿ, ಊಟದ ಸುತ್ತ ಓಲಿವ್ ಸಸಿಗಳಂಥ ಮಕ್ಕಳು, ಮೊಮ್ಮಕ್ಕಳನ್ನು ಕಾಣುವ ಭಾಗ್ಯ, ಹೀಗೆ ಅದು ಹರಸುತ್ತಾ ಹೋಗುತ್ತದೆ. ನಮ್ಮ ಹಿರಿಯರು ಅಕ್ಷತೆ ಹಾಕಿ ಹರಸುವ ಮಾತಿಗೂ ಅದಕ್ಕೂ ಎಷ್ಟು ಹತ್ತಿರ!

ಎರಡನೆಯದು ಲತೀನ್ ಭಾಷೆಯ ಗ್ರೆಗೋರಿಯನ್ ಗಾನ. ವ್ಯಾಟಿಕನ್ ಮಹಾಸಭೆ ಅದಕ್ಕೆ ಮೊದಲ ಗೌರವ ಕೊಟ್ಟಿದೆ. ಅದೇ ಮಹಾಸಭೆ ಜನರು ತಾವೇ ಹಾಡುವ ಧಾರ್ಮಿಕ ಗೀತೆಗಳನ್ನು ಬೆಳೆಸಬೇಕೆಂದೂ, ಆಯಾ ನಾಡಿನ ಜನರಿಗೆ ತಮ್ಮದೇ ಸಂಗೀತ ಪರಂಪರೆ ಇರುವಲ್ಲಿ ಅದಕ್ಕೆ ತಕ್ಕ ಸ್ಥಾನ ಕೊಡಬೇಕೆಂದೂ ಹೇಳಿತು. ಆರ್ಗನ್ನಿಗೆ ಹಿರಿಯ ಸ್ಥಾನವಿದ್ದರೂ, ಪವಿತ್ರ ಬಳಕೆಗೆ ತಕ್ಕುದಾದ, ಗುಡಿಯ ಘನತೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಅವಕಾಶವಿದೆ. ಹಾಡುಗಳ ಮಾತುಗಳು ಕಥೋಲಿಕ ಬೋಧನೆಗೆ ಹೊಂದಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ವಿಧಿಯಿಂದಲೂ ಬರಬೇಕು.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1967ರಲ್ಲಿ ಇಲ್ಲಿ ಆರಂಭವಾದ ರಾಷ್ಟ್ರೀಯ ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ, ಅದರ ಮೊದಲ ನಿರ್ದೇಶಕರಾದ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಭಾರತೀಯ ರೀತಿಯ ಆರಾಧನೆಗೆ ದಾರಿ ತೋರಿತು. 1969ರಲ್ಲಿ ರೋಮಾಪುರಿ ಭಾರತದ ಧರ್ಮಸಭೆಗೆ ಒಪ್ಪಿಗೆ ಕೊಟ್ಟ ಹನ್ನೆರಡು ಅಂಶಗಳಲ್ಲಿ ಕೈಮುಗಿದು ನಮಸ್ಕರಿಸುವುದು, ಆರತಿ, ಎಣ್ಣೆಯ ದೀಪ ಮೊದಲಾದವು ಸೇರಿವೆ. ವೀಣೆ, ಕೊಳಲು, ತಬಲ, ಹಾರ್ಮೋನಿಯಂ ನಮ್ಮ ಗುಡಿಗಳಲ್ಲಿ ಈಗ ಹೊಸವಲ್ಲ.

ಮನೆಯ ಭಂಡಾರ

ಇನ್ನೊಂದು ಭಂಡಾರ ನಮ್ಮ ಅಜ್ಜಿಯರ ಬಳಿ ಇದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಚಪ್ಪರದ ದಿನ, ಅರಿಶಿನ ಹಚ್ಚುವಾಗ, ಹಸೆಯ ಮೇಲೆ ಕೂರಿಸುವಾಗ ಹೆಂಗಸರು ಹಾಡುವ ಸೋಬಾನೆ ಪದಗಳು ಯಾರಿಗೆ ತಿಳಿಯದು? ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಪುಸ್ತಕ ಬೇಡ, ಮೈಕು ಬೇಡ. ಮದುವೆಯ ದಿಬ್ಬಣಕ್ಕೆ ವಾಲಗ, ಡೋಲು.

ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಮದುವೆಯ ಮುನ್ನಾದಿನ 'ರೋಸ್' ನಡೆಯುತ್ತದೆ. ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನಕಾಯಿಯ ಹಾಲು ಹಚ್ಚಿ ಹರಸಿ, ಅವಿವಾಹಿತ ಬದುಕಿಗೆ ಬೀಳ್ಕೊಡುವ ಶಾಸ್ತ್ರ ಅದು. ಆಗ ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ, ಗುಮಟೆಯೂ ಜೊತೆಗೂಡುವುದುಂಟು. ಕೇರಳದ ಸಂತ ತೋಮರ ಕ್ರೈಸ್ತರಲ್ಲಿ ಮಾರ್ಗಂಕಳಿ, ಮೈಲಾಂಚಿಯ ಹಾಡುಗಳಿವೆ. ತಮಿಳು ಕುಟುಂಬಗಳಲ್ಲಿ ನಾದಸ್ವರ, ತವಿಲ್ ಇಲ್ಲದೆ ಮಂಗಳಕಾರ್ಯ ಇಲ್ಲ.

ಇವು ಹೋಗಿಬಿಟ್ಟರೆ ಮತ್ತೆ ಬರುವುದಿಲ್ಲ. ಕೊಂಕಣಿಯವರು ಈ ವಿಷಯದಲ್ಲಿ ನಮಗೆ ಮಾದರಿ. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ 'ಮಾಂಡ್ ಸೊಭಾಣ್' ಸಂಸ್ಥೆ ತಮ್ಮ ಜನಪದ ಹಾಡುಗಳನ್ನು ಹೊಸ ಪೀಳಿಗೆಗೆ ಕಲಿಸುತ್ತಾ ಬಂದಿದೆ. 2008ರ ಜನವರಿ 26 ಮತ್ತು 27ರಂದು 40 ಗಂಟೆಗಳ ಕಾಲ ನಿಲ್ಲಿಸದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತು. ನಮ್ಮ ಕನ್ನಡ ಹಳ್ಳಿಗಳ ಸೋಬಾನೆಯನ್ನು ಮೊಬೈಲಿನಲ್ಲಾದರೂ ಹಿಡಿದಿಟ್ಟವರು ನಮ್ಮಲ್ಲಿ ಎಷ್ಟು ಮನೆಯವರು?

ಆದರೆ ಮನೆಯ ಹಾಡೆಲ್ಲವನ್ನೂ ಬಲಿಪೂಜೆಯೊಳಗೆ ತರಬೇಕೆಂದಲ್ಲ. ಬೀಗರನ್ನು ಗೇಲಿಮಾಡುವ ಪದ ಚಪ್ಪರದಲ್ಲಿ ಚೆಂದ, ಬಲಿಪೀಠದ ಮುಂದೆ ಅಲ್ಲ. ಅರಿಶಿನದ ಹಾಡಿಗೆ ಅರಿಶಿನದ ಹೊತ್ತೇ ಸರಿ. ಪ್ರತಿ ಹಾಡಿಗೂ ಅದರದೇ ಜಾಗ, ಅದರದೇ ಹೊತ್ತು ಉಂಟು. ಛತ್ರಕ್ಕೆ ಡಿ.ಜೆ. ಕರೆಸುವ ಬದಲು ಮುನ್ನಾದಿನದ ಸಂಜೆ ಒಂದು ಗಂಟೆ ಅಜ್ಜಿಯರಿಗೆ ಕೊಟ್ಟು ನೋಡಿ.

ಹಾಗೆಯೇ ಮನೆಯ ಧಾಟಿ ಪ್ರಾರ್ಥನೆಯ ಮಾತನ್ನು ಹೊತ್ತು ಗುಡಿಯೊಳಗೆ ಬರುವುದೂ ಹೊಸತಲ್ಲ. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಅವರು ರಕ್ಷಣೆಯ ಚರಿತ್ರೆಯನ್ನೆಲ್ಲ ಇಲ್ಲಿಯ ಜನ ಹಾಡುವ ಓವಿಯ ಛಂದಸ್ಸಿನಲ್ಲಿ ಬರೆದರು. ಅವರ 'ಕ್ರಿಸ್ತಪುರಾಣ' 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿ ಸ್ವಾಮಿಗಳು ಮೊದಲು ಕನ್ನಡ ಕಲಿತರು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ವಿಶ್ವಾಸವು ನಾಡಿನ ನಾಲಿಗೆಯ ಮೇಲೆ ಕೂರಬೇಕೆಂದು ಅವರು ಅಂದೇ ಬಲ್ಲರು.

ಯಾವ ಹೊತ್ತಿಗೆ ಯಾವ ಹಾಡು?

ಈಗ ಪೂಜೆಯ ಕ್ರಮವನ್ನು ಹಿಡಿದು ಒಂದೊಂದಾಗಿ ನೋಡೋಣ. ಮದುವೆಯಾಗುವವರು ಪೆನ್ನು, ಕಾಗದ ತೆಗೆದುಕೊಂಡು ಕುಳಿತರೆ ಒಳ್ಳೆಯದು.

ದಿಬ್ಬಣ: ವಾಲಗ, ನಾದಸ್ವರ, ಬ್ಯಾಂಡ್ ಸೆಟ್ ಗುಡಿಯ ಬಾಗಿಲವರೆಗೆ ಬರಲಿ. ಅಲ್ಲಿ ನಿಲ್ಲಲಿ. ಅಷ್ಟು ಹೊತ್ತು ಮೊಳಗಿದ ವಾದ್ಯ ತಟ್ಟನೆ ನಿಂತಾಗ ನಾವು ಪವಿತ್ರ ಸ್ಥಳಕ್ಕೆ ಬಂದೆವೆಂಬುದು ಮಕ್ಕಳಿಗೂ ಅರ್ಥವಾಗುತ್ತದೆ.

ಪ್ರವೇಶ ಗೀತೆ: ಎಲ್ಲರಿಗೂ ಬರುವ, ಭಾನುವಾರದ ಪೂಜೆಯಲ್ಲಿ ಹಾಡಿ ರೂಢಿಯಾದ ಸ್ತುತಿಗೀತೆಯೇ ಲೇಸು. ಮದುವೆಯ ಪೂಜೆಯಲ್ಲಿ ಮಹಿಮಾ ಗೀತೆಯೂ ಉಂಟು, ಅದನ್ನು ಬಿಡಬೇಡಿ.

ಕೀರ್ತನೆ: ಮೊದಲ ವಾಚನದ ಬಳಿಕದ ಕೀರ್ತನೆಯ ಜಾಗದಲ್ಲಿ ಬೇರೆ ಹಾಡು ಹಾಕುವಂತಿಲ್ಲ. ಅದು ದೇವರ ವಾಕ್ಯ. ವಿವಾಹ ವಿಧಿಯ ಮುನ್ನುಡಿಯೂ ಈ ಕೀರ್ತನೆಯ ಮಹತ್ವವನ್ನು ವಿಶೇಷವಾಗಿ ನೆನಪಿಸುತ್ತದೆ. ಒಬ್ಬರು ಚರಣಗಳನ್ನು ಹಾಡಲಿ, ಜನರು ಪಲ್ಲವಿಯನ್ನು ಹಿಡಿಯಲಿ. ಸೋಬಾನೆ ಬಲ್ಲ ಜನಕ್ಕೆ ಇದು ಹೊಸ ವಿದ್ಯೆಯಲ್ಲ!

ಸಮ್ಮತಿಯ ಹೊತ್ತು: ವಧೂವರರು ಮಾತು ಕೊಡುವಾಗ ಹಿನ್ನೆಲೆಯಲ್ಲಿ ಕೀಬೋರ್ಡ್ ಬೇಡ. ಆ ಎರಡು ಮಾತುಗಳಿಂದಲೇ ಮದುವೆ ಆಗುವುದು. ಕಡೆಯ ಬೆಂಚಿನವರಿಗೂ ಅವು ಕೇಳಿಸಬೇಕು. ಉಂಗುರ ತೊಡಿಸಿ, ನಮ್ಮ ಪದ್ಧತಿಯಂತೆ ತಾಳಿ ಕಟ್ಟಿದ ಮೇಲೆ ಇಡೀ ಸಭೆ ಒಂದು ಸ್ತುತಿಗೀತೆ ಹಾಡಬಹುದು. ಅಲ್ಲಿ ತಾಳ, ತಬಲ ಇರಲಿ, ಸಂತೋಷ ತುಂಬಿರಲಿ.

ಕಾಣಿಕೆ: ಎರಡು ಕುಟುಂಬದವರೂ ರೊಟ್ಟಿ, ದ್ರಾಕ್ಷಾರಸಗಳನ್ನು ತರುವಾಗ ಎರಡನೆಯ ಭಾಷೆಯ ಹಾಡಿಗೆ ಇದು ಒಳ್ಳೆಯ ಜಾಗ.

ಜನರ ಉತ್ತರಗಳು: ಪವಿತ್ರ ಸಂಗೀತ ಕುರಿತು 1967ರಲ್ಲಿ ರೋಮಾಪುರಿ ಹೊರಡಿಸಿದ ಬೋಧನೆಯು ಹಾಡಬೇಕಾದುದರಲ್ಲಿ ಮೊದಲಿನ ಸ್ಥಾನವನ್ನು ಗುರುಗಳ ಸಂಬೋಧನೆಗೆ ಜನರ ಉತ್ತರ, 'ಪವಿತ್ರ ಪವಿತ್ರ' ಗೀತೆ, ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಇವುಗಳಿಗೆ ಕೊಡುತ್ತದೆ. ನಾವು ಮಾಡುವುದು ತಿರುಗುಮುರುಗು. ಪರಮಪ್ರಸಾದದ ಬಳಿಕ ಒಬ್ಬರ ಹಾಡಿಗೆ ಒಂದು ತಿಂಗಳು ಅಭ್ಯಾಸ ಮಾಡುತ್ತೇವೆ, 'ಪವಿತ್ರ ಪವಿತ್ರ' ಮಾತ್ರ ಓದಿ ಮುಗಿಸುತ್ತೇವೆ.

ಪರಮಪ್ರಸಾದ: ಇಲ್ಲಿ ಹಾಡು ಕ್ರಿಸ್ತರನ್ನು ಕುರಿತದ್ದಾಗಿರಲಿ. ವಧೂವರರ ಪ್ರೇಮವನ್ನು ವರ್ಣಿಸುವ ಹಾಡಿಗೆ ಛತ್ರದಲ್ಲಿ ಬೇಕಾದಷ್ಟು ಹೊತ್ತಿದೆ.

ರಿಜಿಸ್ಟರಿಗೆ ಸಹಿ: ಈ ಹೊತ್ತಿನಲ್ಲಿ ವಾದ್ಯಸಂಗೀತ ಅಥವಾ ಮಾತೆ ಮರಿಯಮ್ಮನವರ ಹಾಡು ಒಪ್ಪುತ್ತದೆ. ಶೂಬರ್ಟ್ 1825ರಲ್ಲಿ ರಚಿಸಿದ 'ಆವೇ ಮರಿಯ' ಕೂಡ ಮೂಲದಲ್ಲಿ ಸ್ಕಾಟ್ ಕವಿಯ ಕಾವ್ಯದಲ್ಲಿ ಬರುವ ಒಬ್ಬ ಹುಡುಗಿಯ ಮೊರೆಗೆ ಕಟ್ಟಿದ್ದು. ಲತೀನ್ ಪ್ರಾರ್ಥನೆಯ ಮಾತುಗಳನ್ನು ಅದಕ್ಕೆ ಆಮೇಲೆ ಹೊಂದಿಸಿದರು. ಕನ್ನಡದಲ್ಲೂ ಕೊಂಕಣಿಯಲ್ಲೂ ಮಾತೆಯವರ ಹಾಡುಗಳಿಗೆ ಬರವಿಲ್ಲ.

ಆಗಮನ ಕಾಲ, ತಪಸ್ಸುಕಾಲಗಳಲ್ಲಿ ಮದುವೆ ನಡೆಯಬೇಕಾಗಿ ಬಂದರೆ ಗುರುಗಳನ್ನು ಮೊದಲೇ ಕೇಳಿ. ತಪಸ್ಸುಕಾಲದಲ್ಲಿ ಅಲ್ಲೆಲೂಯ ಇಲ್ಲ. ವಾದ್ಯಗಳೂ ಹಾಡಿಗೆ ಆಸರೆಯಾಗುವಷ್ಟೇ. ಸೀರೋ ಮಲಬಾರ್ ವಿಧಿಯ ಮದುವೆಗೆ ಅದರದೇ ಕ್ರಮವಿದೆ. ಅಲ್ಲಿಯ ಗುರುಗಳ ಮಾತಿನಂತೆ ನಡೆಯಿರಿ.

ಮೂರು ಪ್ರಶ್ನೆಗಳು

ಯಾವುದೇ ಹಾಡನ್ನು ಪಟ್ಟಿಗೆ ಸೇರಿಸುವ ಮುನ್ನ ಮೂರು ಪ್ರಶ್ನೆ ಹಾಕಿಕೊಳ್ಳಿ. ಒಂದು, ಇದರ ಮಾತುಗಳನ್ನು ರಾಗವಿಲ್ಲದೆ ಬಲಿಪೀಠದ ಮುಂದೆ ನಿಂತು ಪ್ರಾರ್ಥನೆಯಾಗಿ ಓದಲು ಸಾಧ್ಯವೇ? ಎರಡು, ಪೂಜೆಯಲ್ಲಿ ಈ ಹೊತ್ತಿಗೆ ನಡೆಯುವ ಕಾರ್ಯಕ್ಕೂ ಇದಕ್ಕೂ ಸಂಬಂಧವಿದೆಯೇ? ಮೂರು, ಬಂದವರು ಇದರ ಪಲ್ಲವಿಯನ್ನಾದರೂ ಹಾಡಬಲ್ಲರೇ? ಮೂರಕ್ಕೂ ಇಲ್ಲ ಎಂದಾದರೆ, ರಾಗ ಎಷ್ಟೇ ಇಂಪಾಗಿದ್ದರೂ ಅದನ್ನು ಛತ್ರಕ್ಕೆ ಇಟ್ಟುಕೊಳ್ಳಿ.

ಇನ್ನು ಕೆಲವು ಮನೆವಾರ್ತೆಯ ಮಾತುಗಳು. ಎರಡು ತಿಂಗಳು ಮೊದಲೇ ಗುರುಗಳನ್ನೂ ಗಾನವೃಂದದವರನ್ನೂ ಕಾಣಿ. ನಮ್ಮ ಗಾನವೃಂದದ ಯುವಕ ಯುವತಿಯರು ಶಿಫ್ಟಿನ ಕೆಲಸ ಮುಗಿಸಿ ಶನಿವಾರ ರಾತ್ರಿ ಅಭ್ಯಾಸಕ್ಕೆ ಬರುವವರು. ಕಡೆಯ ಗಳಿಗೆಯಲ್ಲಿ ಹೊಸ ಹಾಡು ಕೊಟ್ಟು ಅವರನ್ನು ದಣಿಸಬೇಡಿ. ಹಾಡುಗಳ ಹಾಳೆಯನ್ನು ಅಚ್ಚು ಹಾಕಿಸಿ. ಬೇರೆ ಭಾಷೆಯ ಹಾಡಿದ್ದರೆ ಅದರ ಪಲ್ಲವಿಯನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಕೊಟ್ಟು ಕೆಳಗೆ ಒಂದು ಸಾಲಿನಲ್ಲಿ ಅರ್ಥ ಬರೆಯಿರಿ. ಪೂಜೆಗೆ ಹತ್ತು ನಿಮಿಷ ಮೊದಲು ಒಬ್ಬರು ಪಲ್ಲವಿಗಳನ್ನು ಎಲ್ಲರಿಗೂ ಹೇಳಿಕೊಡಲಿ. ಮೊಬೈಲಿನಿಂದ ಧ್ವನಿಮುದ್ರಿತ ಹಾಡು ಹಾಕುವ ಯೋಚನೆ ಬಿಡಿ. ಯಂತ್ರ ನಮ್ಮ ಪರವಾಗಿ ಪ್ರಾರ್ಥಿಸಲಾರದು. ಸ್ವರ ತಪ್ಪಿದರೂ ನಮ್ಮ ಗಂಟಲೇ ದೇವರಿಗೆ ಇಷ್ಟ.

ಸಿಸಿಲಿಯಮ್ಮನವರ ಮದುವೆ

ಸಂಗೀತಗಾರರ ಪಾಲಕಿ ಸಂತ ಸಿಸಿಲಿಯ. ನವೆಂಬರ್ 22 ಆಕೆಯ ಹಬ್ಬ. ಜಗದ್ಗುರು ಹತ್ತನೆಯ ಭಕ್ತಿನಾಥರು, ಅಂದರೆ ಹತ್ತನೆಯ ಪಿಯುಸ್, ಪವಿತ್ರ ಸಂಗೀತದ ಸುಧಾರಣೆಗಾಗಿ ಆಜ್ಞಾಪತ್ರ ಹೊರಡಿಸಿದ್ದು 1903ರ ಅದೇ ದಿನ. ನೂರು ವರ್ಷ ತುಂಬಿದ 2003ರ ಅದೇ ದಿನ ಜಗದ್ಗುರು ಎರಡನೆಯ ಜಾನ್ ಪೌಲರು ಅದನ್ನು ನೆನೆದು ಮತ್ತೊಂದು ಪತ್ರ ಬರೆದರು.

ಸಿಸಿಲಿಯಮ್ಮನವರು ಸಂಗೀತದ ಪಾಲಕಿಯಾದದ್ದು ಹೇಗೆ ಗೊತ್ತೇ? ಆಕೆಯ ಮದುವೆಯ ದಿನ ವಾದ್ಯಗಳು ಮೊಳಗುತ್ತಿರುವಾಗ ಆಕೆ ತನ್ನ ಹೃದಯದಲ್ಲಿ ದೇವರಿಗೆ ಹಾಡುತ್ತಿದ್ದಳು ಎಂದು ಪರಂಪರೆಯ ಕಥನ ಹೇಳುತ್ತದೆ. ಹೊರಗಿನ ವಾದ್ಯವನ್ನು ಆಕೆ ನಿಲ್ಲಿಸಲಿಲ್ಲ. ಒಳಗಿನ ಹಾಡನ್ನು ಬಿಟ್ಟುಕೊಡಲೂ ಇಲ್ಲ. ಮದುವೆಯಾಗುವ ಪ್ರತಿ ಹುಡುಗ ಹುಡುಗಿಗೂ ಇದು ಸಾಕಲ್ಲವೇ? ಹೊರಗಿನ ಹಾಡು ಒಳಗಿನ ಹಾಡಿಗೆ ಸಹಾಯವಾಗುತ್ತಿದೆಯೋ, ಅದನ್ನು ಮುಚ್ಚಿಹಾಕುತ್ತಿದೆಯೋ ಎಂದು ನೋಡಿಕೊಂಡರೆ ಆಯಿತು.

ಆ ಮನೆಯ ಮದುವೆ

ಮೊದಲು ಹೇಳಿದ ಆ ಎರಡು ಮನೆಯವರು ಏನು ಮಾಡಿದರು? ಗುರುಗಳ ಕೋಣೆಯಲ್ಲಿ ಅಂದೇ ಎಲ್ಲವೂ ಸರಿಹೋಗಲಿಲ್ಲ. ಎರಡು ಸಲ ಮತ್ತೆ ಕೂರಬೇಕಾಯಿತು. ಒಮ್ಮೆ ವಧುವಿನ ತಾಯಿ ಕಣ್ಣೀರು ಹಾಕಿದರು, ಒಮ್ಮೆ ವರನ ತಂದೆ ಅರ್ಧಕ್ಕೇ ಎದ್ದು ಹೋದರು. ಕೊನೆಗೆ ಬ್ಯಾಂಡನ್ನು ಛತ್ರಕ್ಕೆ ಕಳುಹಿಸಿ, ಪೂಜೆಯನ್ನು ಧರ್ಮಕೇಂದ್ರದ ಗಾನವೃಂದಕ್ಕೆ ಒಪ್ಪಿಸಿದರು. ಪ್ರವೇಶ ಗೀತೆ ಮತ್ತು ಕೀರ್ತನೆ ಕನ್ನಡದಲ್ಲಿ, ಕಾಣಿಕೆ ಮತ್ತು ಮಾತೆಯವರ ಹಾಡು ಕೊಂಕಣಿಯಲ್ಲಿ. ವಧುವಿನ ಮನಸ್ಸಿಗೆ ಬಂದ ಒಂದು ಇಂಗ್ಲಿಷ್ ಸ್ತುತಿಗೀತೆ ಮುಕ್ತಾಯಕ್ಕೆ. ಮುನ್ನಾದಿನ ಅಪಾರ್ಟ್‌ಮೆಂಟಿನ ಕೆಳಗೆ ಹಾಕಿದ ಚಪ್ಪರದಲ್ಲಿ ವರನ ಕಡೆಯವರ ಸೋಬಾನೆ. ಅದೇ ಸಂಜೆ ವಧುವಿನ ಮನೆಯಲ್ಲಿ ರೋಸ್, ವೊವಿಯೊ.

ಮದುವೆಯ ದಿನ ಕೀರ್ತನೆಯ ಪಲ್ಲವಿ ಎತ್ತಿದಾಗ ಮೊದಲ ಸಲ ಗಾನವೃಂದದ ದನಿಯಷ್ಟೇ ಕೇಳಿತು. ಎರಡನೆಯ ಸಲ ಎಡಗಡೆಯ ಬೆಂಚಿನಿಂದ ಒಂದು ಒರಟು ದನಿ ಸೇರಿಕೊಂಡಿತು. ಅದು ಅಜ್ಜಿಯದು. ಹಾಳೆ ಓದಲು ಅವರಿಗೆ ಬರದು. ಸೊಲ್ಲು ಹಿಡಿಯಲು ಬರುತ್ತದಲ್ಲ, ಒಮ್ಮೆ ಕೇಳಿದ್ದೇ ಸಾಕಾಯಿತು. ಅವರ ಹಿಂದೆ ಊರಿನವರು, ಆಮೇಲೆ ಬಲಗಡೆಯ ಬೆಂಚಿನ ಕೊಂಕಣಿಯವರು ಹಾಳೆ ನೋಡಿಕೊಂಡು ಸೇರಿದರು. ಕೇಳಿಕೊಂಡು ಕೂರುವವರು ಆ ದಿನ ಯಾರೂ ಉಳಿಯಲಿಲ್ಲ.

ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿ ದ್ರಾಕ್ಷಾರಸವನ್ನು ಹೊರಗಿನಿಂದ ತರಿಸಲಿಲ್ಲ. ಮನೆಯಲ್ಲಿದ್ದ ಬಾನಿಗಳಿಗೆ ನೀರು ತುಂಬಿಸಿರಿ ಎಂದರು. ನಮ್ಮ ಮನೆಗಳಲ್ಲೂ ಬಾನಿಗಳಿವೆ: ನಮ್ಮ ಭಾಷೆ, ನಮ್ಮ ಧಾಟಿ, ನಮ್ಮ ಹಿರಿಯರ ಗಂಟಲು. ಅವುಗಳನ್ನು ತುಂಬಿ ಸ್ವಾಮಿಯ ಮುಂದೆ ಇಡೋಣ. ಉಳಿದದ್ದನ್ನು ಅವರು ಬಲ್ಲರು.

ಕುಟುಂಬದಲ್ಲಿ ಕೂಡಿ ಮಾತನಾಡಲು

1. ನಮ್ಮ ಮನೆಯ ಹಿರಿಯರಿಗೆ ಬರುವ ಮದುವೆಯ ಹಾಡುಗಳು ಯಾವುವು? ಅವುಗಳನ್ನು ಮಕ್ಕಳು ಒಮ್ಮೆಯಾದರೂ ಕೇಳಿದ್ದಾರೆಯೇ?

2. ಭಾನುವಾರದ ಪೂಜೆಯಲ್ಲಿ ನಾವು ಹಾಡುತ್ತೇವೆಯೇ, ಕೇಳಿಕೊಂಡು ಕೂರುತ್ತೇವೆಯೇ?

3. ಬೇರೆ ಭಾಷೆಯ ಕುಟುಂಬದೊಂದಿಗೆ ಸಂಬಂಧ ಬೆಳೆದಾಗ ಅವರ ಒಂದು ಹಾಡನ್ನಾದರೂ ಕಲಿಯಲು ನಾವು ಸಿದ್ಧರಿದ್ದೇವೆಯೇ?

ಪ್ರಾರ್ಥನೆ

ದಯಾಮಯ ತಂದೆಯೇ, ನಮ್ಮ ಹಿರಿಯರ ನಾಲಿಗೆಯ ಮೇಲೆ ಹಾಡನ್ನು ಇಟ್ಟವರು ನೀವು. ಈ ವರ್ಷ ಮದುವೆಯಾಗಲಿರುವ ನಮ್ಮ ಮಕ್ಕಳನ್ನು ಹರಸಿರಿ. ಅವರ ಎರಡು ಮನೆಗಳು ಒಂದೇ ಪಲ್ಲವಿಯನ್ನು ಹಿಡಿಯುವಂತೆ ಮಾಡಿರಿ. ಹಾಡು ಮುಗಿದ ಮೇಲೂ, ಕಷ್ಟದ ದಿನಗಳಲ್ಲೂ, ಅವರ ಹೃದಯದಲ್ಲಿ ನಿಮ್ಮ ಸ್ತುತಿ ನಿಲ್ಲದಿರಲಿ. ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.